ಫ್ಲಶ್ ಟ್ಯಾಂಕಿನ ಸೋರಿಕೆಯೂ ನಮ್ಮ ಸಂಕೋಚವೂ

ಯುಗಾದಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನಾವು ಈ ವಿಷಯವನ್ನು ಸೂಚಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಬ್ಬದ ಸಂಚಿಕೆಯಲ್ಲಿ ಕಕ್ಕಸಿನ ವಿಚಾರ ಬೇಕೆ? ಹೋಳಿಗೆ ಮಾಡುವ ವಿಧಾನದ ಎದುರು ಪುಟಕ್ಕೇ ಬರುತ್ತದಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಯಾವ ಸಂಕೋಚದಿಂದ ಅವರು ಹಾಗೆಂದರೋ ಆ ಸಂಕೋಚವೇ ನಮ್ಮ ಲೇಖನದ ವಿಷಯ. ಆದಕಾರಣ ಓದುಗರು ಊಟ ಮುಗಿಸಿಯೇ ಓದಲಿ, ಓದದೆ ಮಾತ್ರ ಬಿಡಬಾರದೆಂದು ಕೇಳಿಕೊಳ್ಳುತ್ತೇವೆ.

ನಡೆದದ್ದು ಇಷ್ಟು. ಒಂದು ನವೆಂಬರಿನಲ್ಲಿ ನಮ್ಮ ತಾಯಿಯವರು ಊರಿನಿಂದ ಬಂದಿದ್ದರು. ಅವರು ಚಳ್ಳಕೆರೆ ಕಡೆಯವರು; ನೀರನ್ನು ಕೊಡದಲ್ಲಿ ಎಣಿಸಿ ಬಾಳಿದವರು. ಬಂದ ಮೂರನೆಯ ರಾತ್ರಿಯೇ, "ಎಲ್ಲೋ ನೀರು ಹೋಗ್ತಿದೆ ಕಣಪ್ಪ, ನಲ್ಲಿ ಸರಿಯಾಗಿ ನಿಲ್ಲಿಸಿದೀರೋ ಇಲ್ಲವೋ ನೋಡಿ" ಎಂದರು. ನಾವು ನಲ್ಲಿಗಳನ್ನೆಲ್ಲ ನೋಡಿ ಬಂದು, ಅದು ಮನೆ ಬಿಸಿಮಾಡುವ ಕೊಳವೆಯ ಸದ್ದು, ಮಲಗಿ ಎಂದೆವು. ಅವರು ಮಲಗಲಿಲ್ಲ. ಬೆಳಗ್ಗೆ ಎದ್ದಾಗ ಕಮೋಡಿನ ಹಿಂದೆ ನೆಲ ಒದ್ದೆಯಾಗಿರುವುದನ್ನು ತೋರಿಸಿದರು. ಮೇಲಿನ ಟ್ಯಾಂಕು ಕೆಳಗಿನ ಕಮೋಡಿಗೆ ಕೂಡುವ ಜಾಗದಿಂದ ಫ್ಲಶ್ ಮಾಡಿದಾಗಲೆಲ್ಲ ನೀರು ಜಿನುಗುತ್ತಿತ್ತು.

ನಾವು ಏನು ಮಾಡಿದೆವು? ಒಂದು ಹಳೆಯ ಟವೆಲನ್ನು ಮಡಿಸಿ ಅಲ್ಲಿಟ್ಟೆವು. ಮೂರು ವಾರ ಆ ಟವೆಲನ್ನು ಹಿಂಡಿ ಹಿಂಡಿ ಇಟ್ಟೆವೇ ಹೊರತು ಬೇರೇನೂ ಮಾಡಲಿಲ್ಲ. ಕಾರಣಗಳು ಬೇಕಾದಷ್ಟಿದ್ದವು. ತಣ್ಣೀರಿನ ಖರ್ಚು ತಿಂಗಳ ಶುಲ್ಕದಲ್ಲೇ ಸೇರಿದೆ, ನಮ್ಮ ಗಂಟೇನು ಹೋಗುತ್ತದೆ? ಕೊಳಾಯಿ ಕೆಲಸದವನನ್ನು, ಅಂದರೆ ಇಲ್ಲಿಯ ರೋರ್‌ಮೋಕಾರೆಯನ್ನು ಕರೆದರೆ ಬಂದದ್ದಕ್ಕೇ ದುಬಾರಿ ಶುಲ್ಕ. ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ, ಕ್ರಿಸ್‌ಮಸ್ ರಜೆಯಲ್ಲಿ ನೋಡಿದರಾಯಿತು. ಇವೆಲ್ಲ ಬಾಯಲ್ಲಿ ಹೇಳಿದ ಕಾರಣಗಳು. ಹೇಳದೆ ಉಳಿದದ್ದು ಒಂದಿತ್ತು. ಅದು ಕಕ್ಕಸು, ಅಲ್ಲಿ ಕೈಹಾಕುವವರು ಬೇರೆ ಯಾರೋ, ನಾವಲ್ಲ.

ನಾಲ್ಕನೆಯ ವಾರ ಕೆಳಗಿನ ಮನೆಯ ವೃದ್ಧೆ ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು. ಸಿಟ್ಟಿಲ್ಲದೆ, ತಮ್ಮ ಮನೆಯ ಸೂರಿನಲ್ಲಿ ಕಾಫಿ ಚೆಲ್ಲಿದಂಥ ಒಂದು ಕಲೆ ಕಾಣಿಸಿಕೊಂಡಿದೆ, ನಿಮ್ಮಲ್ಲೇನಾದರೂ ಸೋರುತ್ತಿದೆಯೇ ಎಂದು ವಿಚಾರಿಸಿದರು. ನಾವು ನಾಚಿಕೆಯಿಂದ ಟವೆಲನ್ನು ತೋರಿಸಿದೆವು. ಆಕೆ ಕೆಳಗೆ ಹೋಗಿ ತಮ್ಮ ಉಪಕರಣಗಳ ಪೆಟ್ಟಿಗೆ ತಂದರು, ಸ್ವೆಟರಿನ ತೋಳು ಮಡಿಸಿದರು, ಟ್ಯಾಂಕಿನ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದರು. ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿಯವರು, "ಅಯ್ಯೋ ಶಿವನೇ, ಕೈ ಹಾಕೇಬಿಟ್ಟರಲ್ಲ!" ಎಂದರು. ಏನೆಂದರು ಎಂದು ಆಕೆ ಕೇಳಿದರು. ನಾವು ಅರ್ಥ ಹೇಳಿದೆವು. ಆಕೆಗೆ ಮಾತು ಅರ್ಥವಾಯಿತು, ಅದರ ಹಿಂದಿನ ಗಾಬರಿ ಅರ್ಥವಾಗಲಿಲ್ಲ. "ಇದು ಅಡಿಗೆಮನೆಯ ನಲ್ಲಿಗೆ ಬರುವ ನೀರೇ ಅಲ್ಲವೆ?" ಎಂದರು.

ಆ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹದಿನಾರು ವರ್ಷ ಓದಿ, ಸಾಗರ ದಾಟಿ ಬಂದ ನಾವು ಆ ಟ್ಯಾಂಕಿನ ನೀರು ಕುಡಿಯುವ ನೀರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದು ಕೊಳಕಾಗುವುದು ಕಮೋಡಿಗೆ ಇಳಿದ ಮೇಲೆ. ಟ್ಯಾಂಕಿನಲ್ಲಿರುವಷ್ಟು ಹೊತ್ತೂ ಅದು ಮೀಸಲು ನೀರಿನಷ್ಟೇ ಶುದ್ಧ.

ಇನ್ನು ಸೋರಿಕೆಯ ವಿಚಾರ. ನಮ್ಮಂತೆ ಟವೆಲಿಟ್ಟುಕೊಂಡು ಕುಳಿತ ಸದಸ್ಯರು ಇನ್ನೂ ಇದ್ದಾರೆಂದು ಬಲ್ಲೆವಾದ್ದರಿಂದ, ಆಕೆ ಅಂದು ಕಲಿಸಿದ್ದನ್ನೂ ಆಮೇಲೆ ನಾವು ಕಲಿತದ್ದನ್ನೂ ಬಿಡಿಸಿ ಬರೆಯುತ್ತೇವೆ.

ಮೊದಲು ರೋಗ ಯಾವುದೆಂದು ತಿಳಿಯಬೇಕು. ಟ್ಯಾಂಕಿನ ಹೊರಮೈ, ತಳ, ಬೋಲ್ಟುಗಳು, ಕಮೋಡಿನ ಹಿಂಭಾಗ ಎಲ್ಲವನ್ನೂ ಚೆನ್ನಾಗಿ ಒರೆಸಿ ಒಣಗಿಸಿ, ಕೆಳಗೆ ಒಣ ಕಾಗದ ಹಾಸಿ ಕಾಯಿರಿ. ಫ್ಲಶ್ ಮಾಡಿದಾಗ ಮಾತ್ರ ಕಾಗದ ಒದ್ದೆಯಾದರೆ ದೋಷ ಟ್ಯಾಂಕಿಗೂ ಕಮೋಡಿಗೂ ನಡುವೆ ಇರುವ ದಪ್ಪ ರಬ್ಬರ್ ವಾಶರಿನದು. ಅದು ನೋಡಲು ಉದ್ದಿನವಡೆಯಂತಿರುತ್ತದೆ, ನಡುವೆ ತೂತು ಸಮೇತ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ, ಚಪ್ಪಟೆಯಾಗಿ, ನೀರು ಬಿಡುತ್ತದೆ. ಫ್ಲಶ್ ಮಾಡದಿದ್ದರೂ ಹನಿಯುತ್ತಲೇ ಇದ್ದರೆ ಟ್ಯಾಂಕನ್ನು ಬಿಗಿದಿರುವ ಬೋಲ್ಟುಗಳ ಸಣ್ಣ ವಾಶರುಗಳನ್ನೋ ನೀರು ಒಳಬರುವ ಕೊಳವೆಯ ಕೂಡುಗಂಟನ್ನೋ ಅನುಮಾನಿಸಬೇಕು. ಟ್ಯಾಂಕಿನ ಹೊರಮೈಯೆಲ್ಲ ಬೆವರಿದಂತೆ ಹನಿಗಟ್ಟಿದ್ದರೆ ಅದು ಸೋರಿಕೆಯೇ ಅಲ್ಲ. ಚಳಿಗಾಲದಲ್ಲಿ ನದಿಯ ನೀರು ಕೊರೆಯುವಷ್ಟು ತಣ್ಣಗೆ ಬರುತ್ತದೆ. ನಾವು ಬಿಸಿ ಬಿಸಿ ಸ್ನಾನ ಮಾಡಿ ಕೋಣೆಯಲ್ಲಿ ಹಬೆ ತುಂಬಿಸುತ್ತೇವೆ. ಆ ಹಬೆ ತಣ್ಣನೆಯ ಪಿಂಗಾಣಿಯ ಮೇಲೆ ನೀರಾಗುತ್ತದೆ. ಅದಕ್ಕೆ ಮದ್ದು ವಾಶರಲ್ಲ, ಗಾಳಿಯಾಡುವ ವ್ಯವಸ್ಥೆ. ಹೊಸ ಟ್ಯಾಂಕುಗಳಲ್ಲಿ ಕೆಲವಕ್ಕೆ ಪಿಂಗಾಣಿಯೊಳಗೆ ಇನ್ನೊಂದು ಪ್ಲಾಸ್ಟಿಕ್ ತೊಟ್ಟಿ ಇರುವುದು ಈ ಬೆವರನ್ನು ತಡೆಯಲೆಂದೇ.

ನಾಲ್ಕನೆಯದು ಕಣ್ಣಿಗೆ ಕಾಣದ ಸೋರಿಕೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಟ್ಯಾಂಕಿನ ತಳದ ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ ನೀರು ಸದ್ದಿಲ್ಲದೆ ಕಮೋಡಿನೊಳಕ್ಕೇ ಹರಿದುಹೋಗುತ್ತಿರುತ್ತದೆ. ಇದನ್ನು ಹಿಡಿಯಲು ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನ ನೀರಿಗೆ ಬಣ್ಣ ಬಂದರೆ ಕಳ್ಳ ಸಿಕ್ಕಿಬಿದ್ದಂತೆ. ಅರಿಶಿನ ಹಾಕಬೇಡಿ, ಅದು ನೀರಿನಲ್ಲಿ ಕರಗುವುದಿಲ್ಲ. ಬಣ್ಣ ಇಲ್ಲದಿದ್ದರೆ ಕಮೋಡಿನ ಒಳಗೋಡೆಯ ಹಿಂಭಾಗವನ್ನು ಒರೆಸಿ ಒಣ ಟಾಯ್ಲೆಟ್ ಕಾಗದವನ್ನು ಅಂಟಿಸಿದಂತೆ ಇಟ್ಟರೂ ನಡೆದೀತು. ಸ್ವಲ್ಪ ಹೊತ್ತಿನಲ್ಲಿ ಅದು ನೆನೆದರೆ ಕವಾಟ ಸೋರುತ್ತಿದೆ ಎಂದರ್ಥ. ಕವಾಟವನ್ನು ಎತ್ತಿ ತೆಗೆದು, ತಳದ ರಬ್ಬರನ್ನೂ ಅದು ಕೂರುವ ಜಾಗವನ್ನೂ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಂತೆ ಸುಣ್ಣ ಕಟ್ಟುವ ನೀರು ಇಲ್ಲಿಯದಲ್ಲ, ಗೋಥೆನ್‌ಬರ್ಗಿನ ನೀರು ಮೆದು. ಆದ್ದರಿಂದ ಇಲ್ಲಿ ಕೆಡುವುದು ಹೆಚ್ಚಾಗಿ ರಬ್ಬರೇ, ಬದಲಿಸಿದರೆ ಮುಗಿಯಿತು.

ದೊಡ್ಡ ವಾಶರ್ ಬದಲಿಸುವ ಕ್ರಮ ಹೀಗೆ. ಟ್ಯಾಂಕಿಗೆ ನೀರು ಬರುವ ಸಣ್ಣ ಕವಾಟವನ್ನು ಮುಚ್ಚಿ, ಫ್ಲಶ್ ಮಾಡಿ, ತಳದಲ್ಲಿ ಉಳಿದ ನೀರನ್ನು ಸ್ಪಂಜಿನಿಂದ ಹೀರಿ ತೆಗೆಯಿರಿ. ನೀರಿನ ಕೊಳವೆಯನ್ನು ಬಿಡಿಸಿ, ಟ್ಯಾಂಕಿನಡಿಯ ಎರಡು ಬೋಲ್ಟುಗಳ ನಟ್ಟು ಕಳಚಿ, ಇಬ್ಬರು ಹಿಡಿದು ಟ್ಯಾಂಕನ್ನು ನೇರವಾಗಿ ಮೇಲೆತ್ತಿ ದಪ್ಪ ಟವೆಲಿನ ಮೇಲೆ ಮಲಗಿಸಿ. ನಮ್ಮ ಆ ಹಳೆಯ ಟವೆಲು ಕೊನೆಗೂ ಉಪಯೋಗಕ್ಕೆ ಬಂದದ್ದು ಇಲ್ಲಿಯೇ. ಹಳೆಯ ವಾಶರನ್ನು ಕಿತ್ತು, ಅದನ್ನೇ ಅಂಗಡಿಗೆ ಒಯ್ದು ಅದರ ಜೊತೆಯದನ್ನೇ ತನ್ನಿ, ಕಣ್ಣಳತೆ ನಂಬಬೇಡಿ. ಅಂಗಡಿಯಲ್ಲಿ ಪಾಕ್ನಿಂಗ್ ಎಂದು ಕೇಳಬೇಕು. ಬೋಲ್ಟಿನ ಸಣ್ಣ ವಾಶರುಗಳನ್ನೂ ಅದೇ ಕೈಯಲ್ಲಿ ಬದಲಿಸುವುದು ಜಾಣತನ. ವಾಶರು ಕೂರುವ ಜಾಗವನ್ನು ಒರೆಸಿ ಹೊಸದನ್ನು ಕೂಡಿಸಿ, ಟ್ಯಾಂಕನ್ನು ಇಳಿಸಿ, ಎರಡು ನಟ್ಟುಗಳನ್ನೂ ಒಂದಾದ ಮೇಲೊಂದರಂತೆ ಅರ್ಧರ್ಧ ಸುತ್ತು ತಿರುಗಿಸುತ್ತ ಬನ್ನಿ. ಒಂದು ಕಡೆಯನ್ನೇ ಪೂರ್ತಿ ಬಿಗಿದರೆ ಟ್ಯಾಂಕು ವಾಲುತ್ತದೆ. ಕೈಬಲದ ಪ್ರದರ್ಶನ ಬೇಡವೇ ಬೇಡ; ಅದು ಪಿಂಗಾಣಿ, ಬಿರುಕು ಬಿಟ್ಟರೆ ವಾಶರಿನ ಬದಲು ಹೊಸ ಟ್ಯಾಂಕನ್ನೇ ತರಬೇಕಾದೀತು. ಟ್ಯಾಂಕು ಅಲುಗಾಡದಿದ್ದರೆ ಸಾಕು. ಮೇಣ, ಸಿಲಿಕೋನು ಏನನ್ನೂ ಮೆತ್ತಬೇಡಿ. ನೀರು ಬಿಟ್ಟು ನಾಲ್ಕಾರು ಸಲ ಫ್ಲಶ್ ಮಾಡಿ ನೋಡಿ, ಒಂದು ಗಂಟೆ ಬಿಟ್ಟು ನೋಡಿ, ಮರುದಿನ ಬೆಳಗ್ಗೆ ಮತ್ತೊಮ್ಮೆ ನೋಡಿ.

ಎಲ್ಲಿ ಕೈಹಾಕಬಾರದು ಎಂಬುದನ್ನೂ ಹೇಳಿಬಿಡಬೇಕು. ನೀರು ನಿಲ್ಲಿಸುವ ಕವಾಟ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ, ಇದ್ದದ್ದು ಜಡಗೊಂಡು ತಿರುಗದಿದ್ದರೆ, ಟ್ಯಾಂಕು ಗೋಡೆಯೊಳಗೆ ಅಡಗಿದ್ದರೆ, ಕಮೋಡೇ ನೆಲದಿಂದ ಅಲುಗಾಡುತ್ತಿದ್ದರೆ ತಿಳಿದವರನ್ನು ಕರೆಯುವುದೇ ಸರಿ. ಕೊಳವೆ ಬದಲಿಸುವಂಥ ಕೆಲಸವನ್ನು ಅಧಿಕೃತ ರೋರ್‌ಮೋಕಾರೆಯಿಂದಲೇ ಮಾಡಿಸಬೇಕು. ಇಲ್ಲವಾದರೆ ಮುಂದೆ ವಿಮೆಯವರು ತಕರಾರು ತೆಗೆಯಬಹುದು. ಸ್ವಂತ ಮನೆ ಅಥವಾ ಬೋಸ್ತಾದ್ಸ್‌ರೆಟ್ ಇರುವವರಿಗೆ ಕೂಲಿಯ ಭಾಗದ ಮೇಲೆ ರೋಟ್ ರಿಯಾಯಿತಿ ಉಂಟು. ಅದರ ಸಾಮಾನ್ಯ ದರ ಶೇಕಡಾ 30. ಸಾಮಾನಿನ ಬೆಲೆಗೆ ಅದು ಸಲ್ಲುವುದಿಲ್ಲ.

ಬಾಡಿಗೆ ಮನೆಯವರ ಮಾತು ಬೇರೆ. ಹೊಸದಾಗಿ ಬಂದ ನಮ್ಮ ಕುಟುಂಬಗಳಲ್ಲಿ ಹೆಚ್ಚಿನವರು ಬಾಡಿಗೆಯವರೇ. ದೂರು ಕೊಟ್ಟರೆ ಮನೆಯವರು ಏನೆಂದುಕೊಳ್ಳುತ್ತಾರೋ, ಗುತ್ತಿಗೆ ಮುಂದುವರಿಸುತ್ತಾರೋ ಇಲ್ಲವೋ ಎಂಬ ಅಂಜಿಕೆ ಅವರಲ್ಲಿ ಉಂಟು. ಬೆಂಗಳೂರಿನಲ್ಲಿ ಮನೆ ಮಾಲೀಕರ ಮುಖ ನೋಡಿ ಮಾತಾಡಿ ಅಭ್ಯಾಸವಾದವರಿಗೆ ಇದು ಸಹಜ. ಆದರೆ ಈ ದೇಶದ ಕಾನೂನು ತದ್ವಿರುದ್ಧ. ಸ್ವೀಡನ್ನಿನ ಭೂಸಂಹಿತೆಯ 12ನೆಯ ಅಧ್ಯಾಯದ 24ನೆಯ ಕಲಮಿನ ಪ್ರಕಾರ ಬಾಡಿಗೆದಾರನು ಮನೆಯನ್ನು ಜೋಪಾನವಾಗಿ ನೋಡಿಕೊಳ್ಳಬೇಕು. ಹೆಚ್ಚಿನ ಹಾನಿಗೆ ದಾರಿಯಾಗುವ ದೋಷ ಕಂಡರೆ ಕೂಡಲೇ ತಿಳಿಸಬೇಕು. ತಿಳಿಸದೆ ಸುಮ್ಮನಿದ್ದು ಹಾನಿಯಾದರೆ ಅದರ ಹೊಣೆ ಬಾಡಿಗೆದಾರನ ಮೇಲೇ ಬಂದೀತು. ಫೆಲ್‌ಆನ್‌ಮ್ಯಾಲನ್ ಎಂಬ ಆ ದೂರಿನ ಅರ್ಜಿ ಇಲ್ಲಿ ಅಧಿಕಪ್ರಸಂಗವಲ್ಲ, ಕರ್ತವ್ಯ. ದೂರು ಕೊಟ್ಟವನನ್ನು ಒಳ್ಳೆಯ ಬಾಡಿಗೆದಾರನೆನ್ನುತ್ತಾರೆ, ಟವೆಲಿಟ್ಟವನನ್ನಲ್ಲ.

ಒಂದು ಹನಿಗೆ ಇಷ್ಟು ರಾಮಾಯಣವೇ ಎಂದು ಕೇಳಬಹುದು. ಇಲ್ಲಿ ಊರಿಗೂ ಈ ಊರಿಗೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಬಚ್ಚಲುಮನೆ ಕಟ್ಟಿರುವುದೇ ನೀರು ಚೆಲ್ಲಲೆಂದು. ಚೆಲ್ಲಿದ ನೀರು ಇಳಿಜಾರಿನಲ್ಲಿ ಹರಿದು ತೂತಿನಲ್ಲಿ ಹೋಗುತ್ತದೆ, ಹಿತ್ತಲಿನ ಬಾಳೆಗಿಡ ಕುಡಿಯುತ್ತದೆ. ಇಲ್ಲಿ ಸ್ನಾನದ ಕೋಣೆಯ ನೆಲಕ್ಕೆ ನೀರು ಇಂಗದ ಪದರವೂ ತೂತೂ ಇರುತ್ತವೆ ನಿಜ. ಆದರೆ ಹಳೆಯ ಮನೆಗಳ ಪ್ರತ್ಯೇಕ ಟಾಯ್ಲೆಟ್ ಕೋಣೆಗಳಲ್ಲಿ ಅನೇಕ ವೇಳೆ ಆ ತೂತು ಇರುವುದೇ ಇಲ್ಲ. ಹನಿದ ನೀರು ಹೋಗಲು ಜಾಗವಿಲ್ಲದೆ ನೆಲಕ್ಕೆ, ನೆಲದಿಂದ ಮರಕ್ಕೆ, ಮರದಿಂದ ಕೆಳಗಿನವರ ಸೂರಿಗೆ ಇಳಿಯುತ್ತದೆ. ಬೂಷ್ಟು ಹಿಡಿಯುತ್ತದೆ. ತುಮಕೂರಿನಲ್ಲಿ ಏನೂ ಅಲ್ಲದ ಹನಿ ಇಲ್ಲಿ ನೆರೆಯವರ ಮನೆ ಕೆಡಿಸುತ್ತದೆ.

ಲೆಕ್ಕವನ್ನೂ ಹಾಕಿ ನೋಡಿದೆವು. ಸೆಕೆಂಡಿಗೆ ಒಂದು ಹನಿ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಎಂದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ಇದು ಹೊರಗೆ ಕಾಣುವ ಸೋರಿಕೆ. ಕಾಣದ ಸೋರಿಕೆಯಲ್ಲಿ ನಿಮಿಷಕ್ಕೆ ಒಂದು ಸಣ್ಣ ಲೋಟ, 200 ಮಿಲಿಲೀಟರು, ಹೋಗುತ್ತದೆಂದು ಇಟ್ಟುಕೊಳ್ಳಿ. ಗಂಟೆಗೆ 12 ಲೀಟರು, ದಿನಕ್ಕೆ 288 ಲೀಟರು, ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಮೀರಿ. ಸ್ವೀಡನ್ನಿನಲ್ಲಿ ಒಬ್ಬರು ದಿನಕ್ಕೆ ಬಳಸುವ ನೀರು ಸುಮಾರು 140 ಲೀಟರು. ಅಂದರೆ ಆ ಟ್ಯಾಂಕಿನೊಳಗೆ ನಮಗೆ ಗೊತ್ತಿಲ್ಲದ ಇಬ್ಬರು ನೆಂಟರು ವರ್ಷವಿಡೀ ಠಿಕಾಣಿ ಹೂಡಿದಂತಾಯಿತು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸುವಾಗ ಈ ಲೆಕ್ಕ ಹೇಳಿಕೊಡಬಹುದು.

ಈ ನೀರು ಬರುವುದಾದರೂ ಎಲ್ಲಿಂದ? ವೇನರ್ನ್ ಸರೋವರದಿಂದ ಹರಿದುಬರುವ ಯೋತಾ ಎಲ್ವ್ ನದಿಯಿಂದ. ಲ್ಯಾರ್ಯೆಹೋಲ್ಮ್ ಎಂಬಲ್ಲಿ ನದಿಯ ನೀರನ್ನು ಎತ್ತಿ ಆಲೆಲಿಕಾನ್ ಮತ್ತು ಲಾಕರೆಬೆಕ್ ಎಂಬ ಎರಡು ಕಡೆ ಶುದ್ಧಿ ಮಾಡುತ್ತಾರೆ. ಸಮುದ್ರದ ಉಪ್ಪು ನದಿಗೆ ಏರಿಬಂದಾಗ ಅಥವಾ ನದಿಗೆ ಕೊಳೆ ಸೇರಿದಾಗ ಆ ಬಾಯಿಯನ್ನು ಮುಚ್ಚಿ, ನಾವು ಬೇಸಿಗೆಯಲ್ಲಿ ಮಕ್ಕಳನ್ನು ಈಜಿಗೆ ಕರೆದೊಯ್ಯುವ ದೆಲ್‌ಶೋನ್ ಕೆರೆಗಳ ಮೀಸಲು ನೀರನ್ನು ಬಳಸುತ್ತಾರೆ. ಇದೆಲ್ಲ ಒಂದು ದಿನದಲ್ಲಿ ಆದದ್ದಲ್ಲ. ಕಾಲೆಬೆಕ್ ಬುಗ್ಗೆಯ ನೀರನ್ನು ಮರದ ಕೊಳವೆಗಳಲ್ಲಿ ಪಟ್ಟಣಕ್ಕೆ ತಂದದ್ದು 1787ರಲ್ಲಿ. 1834ರಲ್ಲಿ ಕಾಲರಾ ಸ್ವೀಡನ್ನಿಗೆ ಕಾಲಿಟ್ಟದ್ದು ಈ ಊರಿನ ಮೂಲಕವೇ. ಸಾವಿರಾರು ಜನ ಸತ್ತರು. ಇಂದು ನಾವು ಫ್ಲಶ್ ಮಾಡಿದ್ದೆಲ್ಲ ಹಿಸಿಂಗೆನ್ನಿನ ರೀಯಾ ಘಟಕಕ್ಕೆ ಹೋಗಿ ಶುದ್ಧಿಯಾಗುತ್ತದೆ. ಆ ಘಟಕ 1972ರಲ್ಲಿ ಶುರುವಾಯಿತು. ಕುಡಿಯುವಷ್ಟು ಚೊಕ್ಕಟವಾದ ನೀರು ಯಾರಿಗೂ ಉಪಯೋಗವಾಗದೆ ಟ್ಯಾಂಕಿನಿಂದ ಸೋರಿ, ಕೊಳಕಿನ ಜೊತೆ ಅಲ್ಲಿಯವರೆಗೂ ಹೋಗಿ, ಮತ್ತೊಮ್ಮೆ ಶುದ್ಧಿಯಾಗುವುದು ಎಂಥ ಅವಿವೇಕ!

ಇಲ್ಲಿ ನದಿಯೇ ಇದೆ, ಮಳೆಗೆ ಬರವಿಲ್ಲ ಎನ್ನುವವರಿಗೆ ಊರಿನ ನೆನಪು ಮಾಡಿಕೊಡಬೇಕು. ಬೆಂಗಳೂರಿಗೆ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರು ಎತ್ತರಕ್ಕೆ ಪಂಪು ಮಾಡಬೇಕು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಆ ಮಾರ್ಚಿನಲ್ಲಿ ನಾವೆಲ್ಲ ಇಲ್ಲಿಂದ ಫೋನಿನಲ್ಲಿ ತಂದೆತಾಯಿಯರಿಗೆ, ನೀರು ಜೋಪಾನ, ಟ್ಯಾಂಕರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದವರೇ. ಆಗ ನಮ್ಮ ಮನೆಗಳ ಕಮೋಡಿನ ಹಿಂದೆ ಏನಾಗುತ್ತಿತ್ತು ಎಂದು ಎಷ್ಟು ಜನ ನೋಡಿದ್ದೆವು?

ಈಗ ಮೊದಲು ಹೇಳಿದ ಸಂಕೋಚಕ್ಕೆ ಬರುತ್ತೇವೆ. ನಮ್ಮ ಸದಸ್ಯರಲ್ಲಿ ಲಾರಿಯ ಎಂಜಿನು ವಿನ್ಯಾಸ ಮಾಡುವವರಿದ್ದಾರೆ. ಕಾರಿನ ಬ್ರೇಕಿನ ಲೆಕ್ಕ ಹಾಕುವವರಿದ್ದಾರೆ. ಲಿಂಡ್‌ಹೋಲ್ಮೆನ್ನಿನ ಕಛೇರಿಗಳಲ್ಲಿ ಕುಳಿತು ಲೋಕದ ಟೆಲಿಫೋನು ಜಾಲಗಳ ದೋಷ ಹುಡುಕುವವರಿದ್ದಾರೆ. ಇವರಿಗೆ ಒಂದು ರಬ್ಬರ್ ವಾಶರು ಬದಲಿಸಲು ಬುದ್ಧಿ ಸಾಲದೆಂದರೆ ಯಾರು ನಂಬುತ್ತಾರೆ? ಬುದ್ಧಿ ಸಾಲದ್ದಲ್ಲ, ಮನಸ್ಸು ಒಪ್ಪದ್ದು. ಇದೇ ಜನ ಐಕಿಯಾದ ಬೀರುವನ್ನು ಒಂದು ಮಧ್ಯಾಹ್ನದಲ್ಲಿ ಜೋಡಿಸಿ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಬೀರುವಿನ ಸ್ಕ್ರೂ ತಿರುಗಿಸುವುದು ಹವ್ಯಾಸ, ಕಮೋಡಿನ ಸ್ಕ್ರೂ ತಿರುಗಿಸುವುದು ಹೀನ ಕೆಲಸ ಎಂಬ ಭೇದ ಎಲ್ಲಿಂದ ಬಂತು? ಶುಚಿಯ ಕಾರಣದಿಂದ ಎನ್ನುವ ಹಾಗಿಲ್ಲ. ಟ್ಯಾಂಕಿನ ನೀರು ಕುಡಿಯುವ ನೀರೆಂದು ಆಗಲೇ ನೋಡಿದೆವು. ಹೊರಮೈಯನ್ನು ಮುಟ್ಟಿದ ಕೈಗೆ ಸೋಪು ಸಾಕು. ಸೋಪಿಗೆ ಹೋಗದ ಯಾವುದೋ ಮೈಲಿಗೆಯನ್ನು ನಾವು ಸೂಟ್‌ಕೇಸಿನಲ್ಲಿ ಜೊತೆಗೆ ತಂದಿದ್ದೇವೆ.

ಅದರ ಹೆಸರನ್ನು ಹೇಳಲು ಹಿಂಜರಿಯಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಕಕ್ಕಸಿನ ಕೆಲಸವನ್ನು ಕೆಲವು ಜಾತಿಗಳ ತಲೆಯ ಮೇಲೆ ಹೊರಿಸಿದ್ದೆವು. ತಲೆಯ ಮೇಲೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಮತ್ತೊಂದು ಬಂತು. ಈ ಎರಡರ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಸಾರ್ವಜನಿಕವಾಗಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದಾಗ ನಾವೂ ಹೆಮ್ಮೆಪಟ್ಟೆವು. ಹೆಮ್ಮೆಪಡುವುದು ಸುಲಭ. ನಮ್ಮ ಮನೆಯ ಟ್ಯಾಂಕಿನ ಮುಚ್ಚಳ ತೆಗೆಯುವುದು ಅಷ್ಟು ಸುಲಭವಾಗಲಿಲ್ಲ.

1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರು ಪೊರಕೆ ಹಿಡಿದು ತಾವು ಬಳಸುವ ಕಕ್ಕಸನ್ನು ತಾವೇ ಶುಚಿಮಾಡಿಕೊಂಡದ್ದನ್ನು ಅಕ್ಟೋಬರ್ 2ರಂದು ಮಕ್ಕಳಿಂದ ಹೇಳಿಸುತ್ತೇವೆ. ಬಸವ ಜಯಂತಿಯಲ್ಲಿ ಕಾಯಕದ ವಿಚಾರವಾಗಿ ಭಾಷಣ ಮಾಡಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತೇವೆ. ಅದೇ ಸಮಾರಂಭದ ದಿನ ಬಾಡಿಗೆಗೆ ಹಿಡಿದ ಸಭಾಂಗಣದ ಟಾಯ್ಲೆಟ್ಟನ್ನು ಕೊನೆಯಲ್ಲಿ ತೊಳೆಯುವವರು ಯಾರು ಎಂದು ಸಮಿತಿಯವರನ್ನು ಕೇಳಿನೋಡಿ. ವರ್ಷ ವರ್ಷವೂ ಅದೇ ಇಬ್ಬರೋ ಮೂವರೋ, ಅವರಲ್ಲೂ ಹೆಂಗಸರೇ ಹೆಚ್ಚು. ಉಳಿದವರು ಆ ಹೊತ್ತಿಗೆ ಕುರ್ಚಿ ಮಡಿಸುವ ಕೆಲಸದಲ್ಲಿ ಬಹಳ ಮಗ್ನರಾಗಿರುತ್ತೇವೆ. ಇದನ್ನು ಯಾರ ಮೇಲಾದರೂ ದೂರು ಹೇಳಲು ಬರೆದದ್ದಲ್ಲ. ಕುರ್ಚಿ ಮಡಿಸಿದವರಲ್ಲಿ ನಾವೂ ಒಬ್ಬರು.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಎಲ್ಲರೂ ತಮ್ಮ ಕೆಲಸ ತಾವೇ ಮಾಡಿಕೊಂಡರೆ ಆ ಕಸುಬಿನವರ ಗತಿಯೇನು, ದುಡ್ಡು ಕೊಟ್ಟು ಕರೆಸುವುದರಲ್ಲಿ ಅಗೌರವವೇನು ಎಂದು ಸ್ನೇಹಿತರೊಬ್ಬರು ವಾದಿಸಿದರು. ಅಗೌರವ ಖಂಡಿತ ಇಲ್ಲ. ಈ ದೇಶದಲ್ಲಿ ರೋರ್‌ಮೋಕಾರೆ ತರಬೇತಿ ಪಡೆದ ಕಸುಬುದಾರ, ಮರ್ಯಾದಸ್ಥ. ಆತನ ಮಗಳೂ ನಮ್ಮ ಮಗಳೂ ಒಂದೇ ತರಗತಿಯಲ್ಲಿ ಓದುತ್ತಾರೆ. ಕರೆಸಬೇಕಾದಾಗ ಕರೆಸೋಣ. ಆದರೆ ಕೆಲಸ ಕಷ್ಟವಾದ್ದರಿಂದ ಕರೆಸುವುದು ಬೇರೆ, ಮುಟ್ಟಲು ಅಸಹ್ಯವಾದ್ದರಿಂದ ಕರೆಸುವುದು ಬೇರೆ. ಎರಡನೆಯದನ್ನು ಮಕ್ಕಳು ಬಹಳ ಬೇಗ ಗುರುತಿಸುತ್ತಾರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಜಾತಿಯ ಹೆಸರುಗಳು ಗೊತ್ತಿಲ್ಲವೆಂದು ನಾವು ಸಂತೋಷಪಡುತ್ತೇವೆ. ಹೆಸರು ಹೇಳಿಕೊಡದಿದ್ದರೂ ಮೂಗು ಮುರಿಯುವುದನ್ನು ಹೇಳಿಕೊಟ್ಟರೆ ಪಾಠ ಪೂರ್ತಿಯಾದಂತೆಯೇ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದು, ಕೂಟದ ವತಿಯಿಂದ ಒಂದು ಉಪಕರಣಗಳ ಪೆಟ್ಟಿಗೆ ಕೊಳ್ಳಬೇಕು. ಎರಡು ಸ್ಪ್ಯಾನರು, ಸ್ಕ್ರೂಡ್ರೈವರು, ಒಂದು ಟಾರ್ಚು, ಸ್ಪಂಜು, ರಬ್ಬರ್ ಕೈಗವಸು, ಸಾಮಾನ್ಯ ಅಳತೆಯ ಕೆಲವು ವಾಶರುಗಳು ಇದ್ದರೆ ಸಾಕು. ದೊಡ್ಡ ಇಡ್ಲಿ ಪಾತ್ರೆ ಈಗ ಮನೆಯಿಂದ ಮನೆಗೆ ಹೋಗುವಂತೆ ಇದೂ ಹೋಗಲಿ. ಎರಡನೆಯದು, ರಾಜ್ಯೋತ್ಸವಕ್ಕೆ ಮುಂಚೆ ಒಂದು ಶನಿವಾರ, ಹಳೆಯ ಟ್ಯಾಂಕೊಂದನ್ನು ಮೇಜಿನ ಮೇಲಿಟ್ಟು, ಬಿಚ್ಚಿ ಜೋಡಿಸಿ ತೋರಿಸುವ ಕಾರ್ಯಕ್ರಮ ಮಾಡಬೇಕು. ಗಂಡಸರು, ಹೆಂಗಸರು, ಹತ್ತು ದಾಟಿದ ಮಕ್ಕಳು ಎಲ್ಲರೂ ಕೈಹಾಕಬೇಕು. ನೋಡಿ ಹೋಗುವವರಿಗೆ ಕಾಫಿ ಕೊಡಕೂಡದು. ಮೂರನೆಯದು, ಹೊಸದಾಗಿ ಬರುವ ಕುಟುಂಬಗಳಿಗೆ ಬೇಳೆ, ಅಕ್ಕಿ ಸಿಗುವ ಅಂಗಡಿಗಳ ಪಟ್ಟಿಯ ಜೊತೆಗೆ, ನೀರು ನಿಲ್ಲಿಸುವ ಕವಾಟ ಹುಡುಕುವುದು ಹೇಗೆ, ದೂರು ಕೊಡುವುದು ಹೇಗೆ ಎಂಬ ಒಂದು ಪುಟವನ್ನೂ ಕೊಡಬೇಕು. ಸಭಾಂಗಣದ ಟಾಯ್ಲೆಟ್ ತೊಳೆಯುವ ಸರದಿಯನ್ನು ಹೆಸರು ಬರೆದು ಗೋಡೆಗೆ ಅಂಟಿಸಬೇಕೆಂಬುದು ನಾಲ್ಕನೆಯ ಸಲಹೆಯಾಗಬಹುದಿತ್ತು. ಅದಕ್ಕೆ ಸಮಿತಿಯ ಒಪ್ಪಿಗೆ ಬೇಕಿಲ್ಲ, ನಮ್ಮ ಹೆಸರನ್ನು ಮೊದಲು ಬರೆದುಕೊಂಡು ನಾವೇ ಅಂಟಿಸುತ್ತೇವೆ.

ನಮ್ಮ ಮನೆಯ ಕತೆಯನ್ನು ಮುಗಿಸಿಬಿಡುತ್ತೇವೆ. ಅಂದು ಕೆಳಗಿನ ಮನೆಯಾಕೆ ಹೇಳಿಕೊಟ್ಟಂತೆ ವಾಶರು ತಂದು ಬದಲಿಸಿದೆವು. ಅವರ ಸೂರಿನ ಕಲೆಗೆ ಬಣ್ಣ ಬಳಿಸಿಕೊಟ್ಟೆವು. ಒಂದು ತಿಂಗಳ ನಂತರ ತಾಯಿಯವರು ಮತ್ತೆ, "ಸದ್ದು ಇನ್ನೂ ಇದೆ" ಎಂದರು. ಈ ಸಲ ನಾವು ವಾದಿಸಲಿಲ್ಲ. ಕೇಸರಿ ಬಣ್ಣ ಹಾಕಿ ನೋಡಿದರೆ ಒಳಗಿನ ಕವಾಟವೂ ಸೋರುತ್ತಿತ್ತು. ನಾವು ಮುಚ್ಚಳ ತೆಗೆದಾಗ ತಾಯಿಯವರು ಟಾರ್ಚು ಹಿಡಿದು ಪಕ್ಕದಲ್ಲಿ ನಿಂತರು. ಕವಾಟದ ರಬ್ಬರನ್ನು ಒರೆಸುತ್ತಿದ್ದಾಗ ಅವರು ಊರಿನ ಮನೆಯ ಹಿಂದಿನ ಬಾಗಿಲಿಗೆ ಬರುತ್ತಿದ್ದ ಒಬ್ಬಾಕೆಯ ವಿಚಾರ ಹೇಳಿದರು. ಕೆಲಸ ಮುಗಿಸ್ಕೊಂಡು ಆಕೆ ಬೊಗಸೆ ಒಡ್ಡಿ ನಿಲ್ಲುತ್ತಿದ್ದಳಂತೆ. ಇವರು ಚೊಂಬನ್ನು ಎತ್ತರದಲ್ಲಿ ಹಿಡಿದು, ತಗುಲದಂತೆ ನೀರು ಹೊಯ್ಯುತ್ತಿದ್ದರಂತೆ. "ಅವಳ ಹೆಸರೂ ಕೇಳಲಿಲ್ಲ ನಾನು" ಎಂದರು. ಮತ್ತೇನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟಾರ್ಚನ್ನು ನಮ್ಮ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಕವಾಟವನ್ನು ತಾವೇ ಅದರ ಜಾಗದಲ್ಲಿ ಕೂಡಿಸಿದರು. ಆ ರಾತ್ರಿ ಸದ್ದು ಕೇಳಲಿಲ್ಲವೆಂದು ಬೆಳಗ್ಗೆ ಹೇಳಿದರು.

ಸದಸ್ಯ ಬಾಂಧವರು ಇಂದು ರಾತ್ರಿಯೇ ತಮ್ಮ ತಮ್ಮ ಮನೆಗಳಲ್ಲಿ ಬಣ್ಣದ ಪರೀಕ್ಷೆ ಮಾಡಿ ನೋಡಬೇಕೆಂದು ವಿನಂತಿ. ಎಷ್ಟು ಮನೆಗಳಲ್ಲಿ ಸೋರಿಕೆ ಇತ್ತೆಂದು ಬರೆದು ತಿಳಿಸಿದರೆ, ಹೆಸರು ಹಾಕದೆ, ಲೆಕ್ಕವನ್ನು ಮಾತ್ರ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ನಮ್ಮ ಮನೆಯದನ್ನು ಎರಡು ಎಂದು ಈಗಲೇ ಬರೆದುಕೊಂಡಿದ್ದೇವೆ.